ಸಾರಿ ಎನ್ನದ ಊರು

ನಮ್ಮ ಊರಿಗೆ ಹೊಸದಾಗಿ ಬಂದವರಿಗೆ ಬಸ್ಸಿಳಿದ ಕೂಡಲೇ ನಾವು ಹೇಳುವ ಬುದ್ಧಿಮಾತು ಒಂದೇ. ಇಲ್ಲಿ ನಲ್ಲಿ ನೀರು ಕುಡಿಯಬಹುದು, ಹೋಟೆಲಿನ ಚಟ್ನಿ ತಿನ್ನಬಹುದು, ಬೇಕಾದವರ ಜೊತೆ ಬೇಕಾದಷ್ಟು ಜಗಳ ಆಡಬಹುದು, ಆದರೆ ದಯವಿಟ್ಟು ಸಾರಿ ಅನ್ನಬೇಡಿ. ಯಾರೂ ಕೇಳುವುದಿಲ್ಲ. ಬೇರೆ ಊರುಗಳಲ್ಲಿ ಆ ಪದವನ್ನು ಆಕಳಿಸಿದ ಹಾಗೆ ಬಳಸಿ ಬಳಸಿ ಅಭ್ಯಾಸವಾಗಿರುತ್ತದೆ. ನಮ್ಮಲ್ಲಿ ತಪ್ಪು ಮಾಡಿದವನು ಸಾರಿ ಎಂದರೆ, ನೋವಾದವರ ನೋವು ಅಲ್ಲಿಂದ ಎದ್ದು ಹೇಳಿದವನ ಮೈಗೆ ಬಂದು ಸೇರುತ್ತದೆ. ತಪ್ಪು ಪೂರಾ ಅವನದೇ ಆದರೆ ಪೂರಾ ನೋವು, ಅರ್ಧ ಆದರೆ ಅರ್ಧ. ತಪ್ಪಿಲ್ಲದವನು ಎಷ್ಟು ಸಲ ಹೇಳಿದರೂ ಏನೂ ಆಗುವುದಿಲ್ಲ. ಆದರೆ ತಪ್ಪಿಲ್ಲದವನು ಹೇಳುವುದಾದರೂ ಯಾಕೆ?

ಹೋದ ವರ್ಷ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರು ಮೊದಲ ದಿನವೇ, ಸಾಲಿನಲ್ಲಿ ನಿಂತಿದ್ದ ಪಿಂಚಣಿಯ ಮುದುಕರನ್ನು ನೋಡಿ ನಗುನಗುತ್ತಾ, "ಸಾರಿ, ಸರ್ವರ್ ಡೌನ್," ಎಂದರು. ಸರ್ವರ್ ನಿಜವಾಗಿ ಕೆಟ್ಟಿದ್ದರೆ ಅವರಿಗೆ ಏನೂ ಆಗುತ್ತಿರಲಿಲ್ಲ. ಅದು ಚೆನ್ನಾಗಿಯೇ ಇತ್ತು. ಅವರು ಊಟಕ್ಕೆ ಹೊರಟಿದ್ದರು. ನಿಂತು ನಿಂತು ಮುದುಕರಿಗೆಲ್ಲ ಬಂದಿದ್ದ ಮಂಡಿನೋವು ಒಟ್ಟಿಗೆ ಬಂದು ಹಿಡಿದು, ಮ್ಯಾನೇಜರು ಅಲ್ಲೇ ನೆಲದ ಮೇಲೆ ಕೂತರು. ಮುದುಕರು ಹುಡುಗರ ಹಾಗೆ ಮೆಟ್ಟಿಲಿಳಿದು ಮನೆಗೆ ಹೋದರು. ಈಗ ಬ್ಯಾಂಕಿನಲ್ಲಿ ಸರ್ವರ್ ಕೆಡುವುದೇ ಅಪರೂಪ.

ನಾವು ಈ ಪದದ ಜೊತೆ ಹೇಗೋ ಹೊಂದಿಕೊಂಡಿದ್ದೇವೆ. ಬಸ್ಸಿನಲ್ಲಿ ಕಾಲು ತುಳಿದವನು, "ಕಾಲು ಇಲ್ಲಿಟ್ಟಿದ್ರಾ?" ಎಂದು ಆಶ್ಚರ್ಯಪಡುತ್ತಾನೆ. ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಗಂಡಂದಿರ ಬಾಯಿಗೆ ಕರ್ಚೀಫು ಕಟ್ಟಿಸುತ್ತಾರೆ. ಒಬ್ಬ ಪ್ರೀತಿ ತಡೆಯಲಾರದೆ ಹೇಳಿಬಿಟ್ಟು, ಪಕ್ಕದ ಮಂಚದಲ್ಲಿ ಹೆಂಡತಿಗಿಂತ ಜೋರಾಗಿ ಕಿರುಚಿದ್ದನಂತೆ. ಶಾಲೆಯಲ್ಲಿ ಥ್ಯಾಂಕ್ಯೂ, ಪ್ಲೀಸ್ ಎಲ್ಲ ಬಾಯಿಪಾಠ ಮಾಡಿಸಿ ಇದೊಂದನ್ನು ಬೋರ್ಡಿನ ಮೇಲೆ ಬರೆದು ಒರೆಸಿಬಿಡುತ್ತಾರೆ. ಧಾರಾಳವಾಗಿ ಹೇಳುವವರು ಅಂದರೆ ತಾಯಂದಿರು. ಮಗುವಿಗೆ ಇಂಜೆಕ್ಷನ್ ಕೊಡಿಸುವ ದಿನ, ಕರೆತಂದವಳು ನಾನೇ ಅಲ್ಲವೇ ಎಂದು, ಕಿವಿಯಲ್ಲಿ ಮೆಲ್ಲಗೆ ಸಾರಿ ಎಂದು ತಮ್ಮ ತೊಡೆ ಉಜ್ಜಿಕೊಳ್ಳುತ್ತಾ ಮನೆಗೆ ಬರುತ್ತಾರೆ. ಅದನ್ನು ನೋಡಿದಾಗ ಮಾತ್ರ ನನಗೆ ನಗು ಬರುವುದಿಲ್ಲ. ಉಳಿದಂತೆ ಈ ಊರನ್ನು ನೋಡಿದರೆ ನಗುವೇ ಬರುವುದು.

ಈ ಗುಣ ಇಂಗ್ಲಿಷ್ ಪದಕ್ಕೆ ಮಾತ್ರ. 'ಕ್ಷಮಿಸಿ' ಎಂದರೆ ಏನೂ ಆಗುವುದಿಲ್ಲ. ಹಾಗಾಗಿ ನಮ್ಮೂರಿನಷ್ಟು ಕ್ಷಮಿಸಿ ಎನ್ನುವ ಊರು ಇನ್ನೊಂದಿಲ್ಲ. ಕೊಳಾಯಿ ನೀರು ಬರದಿದ್ದರೆ ಕ್ಷಮಿಸಿ, ಬಸ್ಸು ಬರದಿದ್ದರೆ ಕ್ಷಮಿಸಿ, ಬಂದ ಬಸ್ಸು ನಿಲ್ಲದಿದ್ದರೆ ದಯವಿಟ್ಟು ಕ್ಷಮಿಸಿ. ನಮ್ಮ ಭಾಷೆ ಎಷ್ಟು ಕರುಣಾಮಯಿ ನೋಡಿ ಎಂದು ಕನ್ನಡ ಸಂಘದವರು ಪ್ರತಿ ರಾಜ್ಯೋತ್ಸವದಲ್ಲೂ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಲೆಕ್ಕಾಚಾರ ಬೇರೆ. ಕ್ಷಮಿಸಿ ಎಂದರೆ ಕೆಲಸವೆಲ್ಲ ಎದುರಿನವರ ತಲೆಗೆ. ಕ್ಷಮಿಸಬೇಕಾದವರು ಅವರು, ನಮ್ಮದೇನೂ ಖರ್ಚಿಲ್ಲ. ಮೂವತ್ತು ವರ್ಷದಿಂದ ಮೈಕ್ ಸೆಟ್ ಇಟ್ಟುಕೊಂಡವನು ನಾನು, ಗುರುಪಾದ ಸೌಂಡ್ಸ್. ಈ ಊರಿನ ಭಾಷಣಗಳೆಲ್ಲ ನನ್ನ ಹಾರ್ನಿನಿಂದಲೇ ಹೊರಗೆ ಬಂದಿವೆ. ಯಾವ ಮಾತಿನಲ್ಲಿ ಎಷ್ಟು ಗಾಳಿ ಇದೆ ಎಂದು ನನಗೆ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ನಮ್ಮಕ್ಕ ಚೆನ್ನಾಜಿಯ ಭುಜದ ಸಲುವಾಗಿ.

ಅಕ್ಕ ಬ್ಲೌಸ್ ಹೊಲಿಯುವವಳು. ಪುರಸಭೆಯವರು ಪೇಟೆ ಬೀದಿಯಲ್ಲಿ ಬಸ್ ತಂಗುದಾಣ ಕಟ್ಟಿಸಿದರು. ಕಂಟ್ರಾಕ್ಟರ್ ಶಾಂತವೀರ, ಅಧ್ಯಕ್ಷ ಬೋರಲಿಂಗಯ್ಯನವರ ಷಡ್ಡಕ. ಉದ್ಘಾಟನೆಯ ದಿನ ಹಾರ್ನ್ ಕಟ್ಟಲು ಕಂಬಕ್ಕೆ ಮೊಳೆ ಹೊಡೆಯಬೇಕಿತ್ತು, ನಾನು ಸುತ್ತಿಗೆ ಮರೆತು ಬಂದಿದ್ದೆ. ಸುಮ್ಮನೆ ಮೊಳೆಯಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಒಳಗೆ ಹೋಯಿತು! ಕಾಂಕ್ರೀಟು! ಈ ಮೊಳೆಯ ಕಥೆ ಹೇಳಿ ನಾನು ಟೀ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಕಲ್ಯಾಣ ಮಂಟಪದ ಹಿಂಬಾಗಿಲಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದ್ದೇನೆ. ಆಮೇಲೆ ಒಂದು ದಿನ ಅಕ್ಕ ಲೈನಿಂಗ್ ಬಟ್ಟೆ ತರಲು ಹೊರಟವಳು ಬಸ್ಸಿಗಾಗಿ ಆ ತಂಗುದಾಣದ ಕೆಳಗೆ ಕೂತಿದ್ದಾಗ ಮೇಲಿನ ಸಜ್ಜಾ ಮುರಿದು ಅವಳ ಬಲಭುಜದ ಮೇಲೆ ಬಿತ್ತು.

ಮೂಳೆ ಕೂಡಿತು. ನೋವು ಹೋಗಲಿಲ್ಲ. ಕೈ ಎದೆಯ ಮಟ್ಟದಿಂದ ಮೇಲಕ್ಕೆ ಏಳುತ್ತಿರಲಿಲ್ಲ, ಕತ್ತರಿ ಹಿಡಿದರೆ ಕಣ್ಣಲ್ಲಿ ನೀರು. ತಲೆ ಬಾಚಿಕೊಳ್ಳಲೂ ಪಕ್ಕದ ಮನೆಯವಳನ್ನು ಕರೆಯಬೇಕು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ನನ್ನ ಕೆಲಸ ಮುಗೀತು ತಾಯಿ. ಇನ್ನು ಈ ನೋವಿನ ಯಜಮಾನ್ರು ಯಾರೋ, ಅವ್ರೇ ಬಂದು ಕರ್ಕೊಂಡು ಹೋಗ್ಬೇಕು," ಎಂದರು.

ಯಜಮಾನರನ್ನು ಹುಡುಕಿಕೊಂಡು ನಾವಿಬ್ಬರೂ ಹೊರಟೆವು. ಬೋರಲಿಂಗಯ್ಯನವರು ಬಾಗಿಲವರೆಗೆ ಬಂದು ಎದುರುಗೊಂಡರು, ಸೇಬು ಕೊಟ್ಟರು, ಶಾಲು ಹೊದಿಸಿದರು. ಶಾಲಿನ ಭಾರಕ್ಕೆ ಅಕ್ಕ ಹಲ್ಲು ಕಚ್ಚಿದಳು.

"ಕ್ಷಮಿಸಬೇಕು ತಾಯಿ, ಮನಃಪೂರ್ವಕವಾಗಿ ಕ್ಷಮಿಸಬೇಕು," ಎಂದರು ಅಧ್ಯಕ್ಷರು, ಕೈ ಮುಗಿದು.

"ಅದು ಬ್ಯಾಡ ಅಧ್ಯಕ್ಷರೇ. ಇನ್ನೊಂದು ಹೇಳಿ," ಎಂದಳು ಅಕ್ಕ.

"ಇನ್ನೊಂದು ಯಾವ್ದು?"

"ನಿಮ್ಗೂ ಗೊತ್ತು."

ಅಧ್ಯಕ್ಷರು ಸೇಬಿನ ಕಡೆ ನೋಡಿದರು. "ನಂದೇನಮ್ಮ ಇದೆ ಇದ್ರಲ್ಲಿ ತಪ್ಪು? ನಾನು ಟೇಪ್ ಕತ್ತರಿಸ್ದವನು ಅಷ್ಟೇ."

"ತಪ್ಪಿಲ್ದಿದ್ರೆ ಒಂದ್ಸಲ ಹೇಳ್ಬಿಡಿ. ಏನೂ ಆಗಲ್ವಲ್ಲ."

"ಹೇಳೋದು ದೊಡ್ಡದಲ್ಲ. ಆದ್ರೆ ಇದು ತತ್ವದ ಪ್ರಶ್ನೆ."

ನಮ್ಮೂರಿನಲ್ಲಿ ತತ್ವ ಎನ್ನುವುದು ಬೇರೆ ಯಾವ ಕೆಲಸಕ್ಕೂ ಬಳಕೆಯಲ್ಲಿಲ್ಲ. ಶಾಂತವೀರನ ಮನೆಗೆ ಹೋದೆವು, ಅವನಿಗೂ ತತ್ವ ಇತ್ತು. ಎಂಜಿನಿಯರ್ ಸಾಹೇಬರ ಹತ್ತಿರ ಹೋದೆವು, ಅವರಿಗೆ ಎಲ್ಲರಿಗಿಂತ ಹೆಚ್ಚು ತತ್ವ ಇತ್ತು, ಜೊತೆಗೆ ನಾಯಿಯೂ ಇತ್ತು. ದಾರಿಯುದ್ದಕ್ಕೂ ನಾನು ಅವರನ್ನೆಲ್ಲ ಅಣಕಿಸಿ ಅಕ್ಕನನ್ನು ನಗಿಸಲು ನೋಡಿದೆ. ನಕ್ಕರೆ ಭುಜ ಅಲುಗುತ್ತದೆ ಸುಮ್ಮನಿರೋ ಎಂದಳು.

ಯಾರೂ ಹೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅಕ್ಕ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ ಮನೆಯಲ್ಲೇ ಕೂತಳು. ಹಟ ಅಲ್ಲ, ಕೈಲಾಗುತ್ತಿರಲಿಲ್ಲ. ಆದರೆ ಅದು ಮದುವೆಗಳ ಕಾಲ. ಸಜ್ಜಾ ಬೀಳುವ ಮೊದಲೇ ಊರಿನ ಅರ್ಧ ಹೆಂಗಸರ ಬ್ಲೌಸು ಕತ್ತರಿಸಿ ಇಟ್ಟಿದ್ದಳು. ಒಂದಕ್ಕೆ ತೋಳಿಲ್ಲ, ಒಂದಕ್ಕೆ ಬೆನ್ನಿಲ್ಲ, ಅಧ್ಯಕ್ಷರ ಮಗಳ ಧಾರೆಯ ಬ್ಲೌಸಿಗೆ ಒಂದೇ ತೋಳು. ಬೇರೆಯವರು ಕತ್ತರಿಸಿದ ಬಟ್ಟೆಯನ್ನು ಇನ್ನೊಬ್ಬ ಟೈಲರ್ ಮುಟ್ಟುವುದಿಲ್ಲ. ಕೆಟ್ಟರೆ ಹೆಸರು ಇವರದ್ದು ಹೋಗುತ್ತದೆ. ಅಲ್ಲಿಯವರೆಗೆ ಅಕ್ಕನ ಭುಜ ಅಕ್ಕನದಾಗಿತ್ತು. ಈಗ ಅದು ಊರಿನ ಸಮಸ್ಯೆಯಾಯಿತು. ದಿನಾ ಸಂಜೆ ಹೆಂಗಸರು ಬಂದು ಅವಳ ಕೈ ಮುಟ್ಟಿ, "ಹೆಂಗಿದೆ ಚೆನ್ನಾಜಕ್ಕ, ಇವತ್ತು ಒಂಚೂರು ಏಳುತ್ತಾ?" ಎಂದು ವಿಚಾರಿಸುತ್ತಾ ಕಣ್ಣನ್ನು ಬ್ಲೌಸುಗಳಿದ್ದ ಬೀರುವಿನ ಮೇಲೆ ಇಟ್ಟಿರುತ್ತಿದ್ದರು.

ಅಧ್ಯಕ್ಷರ ಮನೆಯಲ್ಲಿ ಹೆಂಡತಿ ಅನ್ನ ಬಡಿಸುವುದನ್ನು ನಿಲ್ಲಿಸಿದಳೆಂದು ಸುದ್ದಿ. ಮಾರನೆಯ ದಿನವೇ ಅವರು ಪದ್ಮನಾಭ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಸಾರಿ ಎಂಬ ಪದದ ವಂಶವೃಕ್ಷವನ್ನೇ ಬಲ್ಲವರು. "ಆ ಪದಕ್ಕೆ ನೋವಿಲ್ಲದ ಅರ್ಥ ಯಾವ್ದಾದ್ರೂ ಇದ್ರೆ ಹುಡುಕಿ ಮೇಷ್ಟ್ರೇ," ಎಂದು ಅಧ್ಯಕ್ಷರು ಕೇಳಿಕೊಂಡರು. ಮೇಷ್ಟ್ರು ಹುಡುಕಿದರು. ಪುರಭವನದಲ್ಲಿ ಉಪನ್ಯಾಸ ಏರ್ಪಾಟಾಯಿತು. ಮೈಕ್ ನನ್ನದೇ.

"ಮಹನೀಯರೇ," ಎಂದು ಮೇಷ್ಟ್ರು ಶುರುಮಾಡಿದರು, "ಸಾವಿರ ವರ್ಷದ ಹಿಂದೆ ಇಂಗ್ಲಿಷರ ನಾಲಿಗೆಯಲ್ಲಿ 'ಸಾರ್' ಎಂದರೆ ಗಾಯ, ಹುಣ್ಣು, ನೋವು. ಆ ನೋವು ತುಂಬಿಕೊಂಡವನು ಯಾರೋ ಅವನನ್ನು ಸಾರಿ ಅನ್ನುತ್ತಿದ್ದರು. ದುಃಖಕ್ಕೆ ಅವರಲ್ಲಿ 'ಸಾರೋ' ಅಂತ ಇನ್ನೊಂದು ಪದ ಇದೆ. ಎಲ್ಲರೂ ಇವೆರಡನ್ನೂ ಅಣ್ಣತಮ್ಮ ಅಂದುಕೊಳ್ಳುತ್ತಾರೆ. ಅಲ್ಲ. ಬೇರೆ ಬೇರೆ ಮನೆಯವರು, ಒಂದೇ ಬೀದಿಯಲ್ಲಿ ಓಡಾಡಿ ಓಡಾಡಿ ಮುಖ ಒಂದೇ ಥರ ಆಗಿದೆ. ಇನ್ನೊಂದು ವಿಶೇಷ. ಇವತ್ತಿನ ಇಂಗ್ಲಿಷರ ಉಚ್ಚಾರಕ್ಕಿಂತ ನಾವು ಬಾಯ್ತುಂಬ ಹೇಳುವ 'ಸಾರಿ'ಯೇ ಆ ಹಳೆಯ ಪದಕ್ಕೆ ಹತ್ತಿರ!"

ಚಪ್ಪಾಳೆ ಬಿತ್ತು. ಯಾಕೆ ಹೊಡೆದೆವೋ ಗೊತ್ತಿಲ್ಲ; ನಮ್ಮ ಬಗ್ಗೆ ಹೇಳಿದರಲ್ಲ ಎಂದಿರಬೇಕು.

ಮೇಷ್ಟ್ರು ನೀರು ಕುಡಿದು ಮುಂದುವರಿಸಿದರು. ಕಾಲ ಕಳೆದಂತೆ ಪದ ತೆಳ್ಳಗಾಯಿತು. ಹರಿದ ಅಂಗಿಗೆ, ಹಾಳುಬಿದ್ದ ಮನೆಗೆ ಸಾರಿ ಎಂಬ ವಿಶೇಷಣ ಅಂಟಿಕೊಂಡಿತು. ಈಗಂತೂ ಅವರ ದೇಶದಲ್ಲಿ ಟೀ ಚೆಲ್ಲಿದರೆ ಸಾರಿ, ಕಿವಿ ಕೇಳಿಸದಿದ್ದರೆ ಸಾರಿ, ತಮ್ಮ ಕಾಲನ್ನು ಬೇರೆಯವರು ತುಳಿದರೂ ಸಾರಿ. ಸಾವಿನ ಮನೆಗೆ ಹೋದವರು ಸಾರಿ ಅನ್ನುತ್ತಾರೆ. ಕೊಂದವರು ಅವರೇನಲ್ಲ, ಬರೀ ಅನುಕಂಪ. "ಈ ಕೊನೆಯ ಅರ್ಥವೇ ನಮಗೆ ಬೇಕಾದದ್ದು. ತಪ್ಪನ್ನು ಒಪ್ಪಿಕೊಳ್ಳದೆ, ಬರೀ ಅನುಕಂಪದಿಂದ, ಇಡೀ ಊರು ಒಕ್ಕೊರಲಿನಿಂದ ಹೇಳಿದರೆ ಯಾರಿಗೂ ನೋವಾಗುವುದಿಲ್ಲ. ಆಕೆಗೆ ಸಮಾಧಾನವಾಗುತ್ತದೆ."

ಹಿಂದಿನ ಸಾಲಿನಿಂದ ಅವರ ಹೆಂಡತಿ ಲಲಿತಮ್ಮ ಎದ್ದು ನಿಂತರು. "ಇಷ್ಟೆಲ್ಲಾ ಗೊತ್ತಿರೋವ್ರು, ಇಷ್ಟು ವರ್ಷದಲ್ಲಿ ಮನೇಲಿ ಒಂದ್ಸಲನೂ ಹೇಳಿದ್ದು ಕೇಳ್ಲಿಲ್ವಲ್ಲ ನಾನು?"

ಸಭೆ ಗೊಳ್ಳೆಂದಿತು. ಮೇಷ್ಟ್ರು ಪ್ರಶ್ನೋತ್ತರಕ್ಕೆ ಸಮಯವಿಲ್ಲ ಎಂದರು.

ಹೀಗೆ ನಿಶ್ಚಯವಾಗಿ, ಮುರಿದ ತಂಗುದಾಣದ ಎದುರಿಗೇ ವೇದಿಕೆ ಕಟ್ಟಿದರು. 'ಸಾಮೂಹಿಕ ಸಾಂತ್ವನ ಸಮಾರಂಭ' ಎಂದು ಬ್ಯಾನರು, ಅದರಲ್ಲಿ ಅಧ್ಯಕ್ಷರ ಮುಖ ದೊಡ್ಡದು, ಅಕ್ಕನದು ಇಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ಇಡೀ ಪೇಟೆ ಬೀದಿ ತುಂಬಿತ್ತು. ಅಧ್ಯಕ್ಷರು ಮೈಕಿನ ಮುಂದೆ, "ನಾವು ತಪ್ಪಿತಸ್ಥರಲ್ಲ, ಆದರೆ ಹೃದಯವಂತರು," ಎಂದರು. ಮೇಷ್ಟ್ರು ಕೈಯೆತ್ತಿ, ಅನುಕಂಪ ಮನಸ್ಸಿನಲ್ಲಿರಲಿ, ಅನುಕಂಪ, ಎಂದು ಜ್ಞಾಪಿಸಿ ಒಂದು ಎರಡು ಮೂರು ಎಣಿಸಿದರು. ಊರಿಗೆ ಊರೇ ಸಾರಿ ಎಂದಿತು.

ನಾನು ಹೇಳಲಿಲ್ಲ. ಮೈಕಿನವನಿಗೆ ಮೈಕ್ ನೋಡಿಕೊಳ್ಳುವ ಕೆಲಸವಿರುತ್ತದೆ.

ಮೊದಲು ಏನೂ ಆಗಲಿಲ್ಲ, ಕೆಲವರು ನಗಲೂ ತೊಡಗಿದ್ದರು. ಆಮೇಲೆ ಶಾಂತವೀರ ಭುಜ ಹಿಡಿದುಕೊಂಡು ಕುಸಿದ. ಎಂಜಿನಿಯರ್ ಸಾಹೇಬರು ಅವನ ಮೇಲೆಯೇ ಬಿದ್ದರು. ಅಧ್ಯಕ್ಷರು ಮೈಕ್ ಬಿಡದೆ ಕಿರುಚಿದರು. ಮೂವತ್ತು ವರ್ಷದಲ್ಲಿ ನನ್ನ ಹಾರ್ನಿನಿಂದ ಅಷ್ಟು ಪ್ರಾಮಾಣಿಕವಾದ ಧ್ವನಿ ಬಂದಿರಲಿಲ್ಲ. ಆ ಪದಕ್ಕೆ ಮೇಷ್ಟ್ರ ಹೊಸ ಅರ್ಥಗಳೊಂದೂ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಿದ್ದದ್ದು ತಾನು ಹುಟ್ಟಿದ ಮನೆಯೊಂದೇ. ಅಷ್ಟಕ್ಕೇ ನಿಲ್ಲಲಿಲ್ಲ. ನೋವು ವೇದಿಕೆಯಿಂದ ಇಳಿದು ಬೀದಿಗೆ ಬಂತು. ತಂಗುದಾಣ ಕಟ್ಟುವಾಗ ಕತ್ತಲಾದ ಮೇಲೆ ಕಬ್ಬಿಣದ ಸರಳು ಎತ್ತಿಕೊಂಡು ಹೋಗಿ ಸ್ವಂತ ಕಾಂಪೌಂಡಿಗೆ ಹಾಕಿಕೊಂಡವರು ಭುಜ ಹಿಡಿದುಕೊಂಡರು. ಸಿಮೆಂಟ್ ಚೀಲ ಒಯ್ದವರು ಹಿಡಿದುಕೊಂಡರು. ಸಜ್ಜಾದಲ್ಲಿ ಬಿರುಕು ಕಂಡು ತಾವು ಮಾತ್ರ ಬಿಸಿಲಿಗೆ ಸರಿದು, ಒಳಗೆ ಕೂತವರಿಗೆ ಒಂದು ಮಾತೂ ಹೇಳದೆ ನಿಲ್ಲುತ್ತಿದ್ದ ಸಂಭಾವಿತರೆಲ್ಲ ಹಿಡಿದುಕೊಂಡರು. ಅಲ್ಲಿನ ಶಿಲಾಫಲಕಕ್ಕೆ 'ಶಾಶ್ವತ' ಎಂಬ ಪದ ಆರಿಸಿಕೊಟ್ಟಿದ್ದ ಮೇಷ್ಟ್ರೂ ಹಿಡಿದುಕೊಂಡರು. ಕೈ ಬೀಸಿಕೊಂಡು ನಿಂತವರು ಅಂದರೆ ಮಕ್ಕಳು, ಮತ್ತೆ ಬೆರಳೆಣಿಕೆಯ ದೊಡ್ಡವರು.

ಕುರ್ಚಿಯ ಮೇಲೆ ಅಕ್ಕ ಮೆಲ್ಲಗೆ ಬಲಗೈ ಎತ್ತಿದಳು. ಎದೆಯ ಮಟ್ಟ ದಾಟಿತು, ಕಿವಿ ದಾಟಿತು. ಪಕ್ಕದ ಮನೆಯವಳು ಓರೆಯಾಗಿ ಕಟ್ಟಿದ್ದ ತುರುಬನ್ನು ಬಿಚ್ಚಿ, ಅಷ್ಟು ಜನರ ನರಳಾಟದ ನಡುವೆ, ಎರಡೂ ಕೈಯಿಂದ ತನಗೆ ಬೇಕಾದ ಹಾಗೆ ಕಟ್ಟಿಕೊಂಡಳು. ನನಗೆ ಅಳು ಬಂತು. ಅಳುತ್ತಲೇ ಆಂಪ್ಲಿಫೈಯರ್ ಆಫ್ ಮಾಡಿದೆ.

ಮಾರನೆಯ ದಿನವೇ ಮಿಷನ್ನಿನ ಸದ್ದು ಶುರುವಾಯಿತು. ಬ್ಲೌಸುಗಳು ಒಂದೊಂದಾಗಿ ಮನೆ ಸೇರಿದವು. ಆದರೆ ತೊಡುವುದು ಹೇಗೆ? ಬಲಗೈ ಎತ್ತಿ ತೋಳಿನೊಳಗೆ ಹಾಕುವ ಸ್ಥಿತಿಯಲ್ಲಿ ಅರ್ಧ ಊರಿನ ಹೆಂಗಸರು ಇರಲಿಲ್ಲ. ಕ್ಷೌರದವನ ಕೈ ಗಿರಾಕಿಯ ಕುತ್ತಿಗೆಯಿಂದ ಮೇಲೆ ಹೋಗುತ್ತಿರಲಿಲ್ಲ. ಅರ್ಚಕರು ಮಂಗಳಾರತಿಯನ್ನು ದೇವರ ಮೊಣಕಾಲಿಗೇ ಎತ್ತಿ ಮುಗಿಸುತ್ತಿದ್ದರು. ಅಧ್ಯಕ್ಷರು ಕೈ ಮುಗಿಯಲಾರದೆ ಮತ ಕಳೆದುಕೊಳ್ಳುತ್ತಿದ್ದರು. ನೋವು ಹಂಚಿಹೋಗಿ ಚೂರುಚೂರಾಗಿತ್ತು ನಿಜ, ಆದರೆ ಅದು ತಮ್ಮದಲ್ಲ ಎಂಬ ಸಿಟ್ಟಿನಲ್ಲಿ ಎಲ್ಲರಿಗೂ ಅದು ಇಮ್ಮಡಿಯಾಗಿ ಕಾಣುತ್ತಿತ್ತು. ಚೆನ್ನಾಜಿ ಅಲ್ಲಿ ಕೂರದಿದ್ದರೆ ಸಜ್ಜಾ ಸುಮ್ಮನೆ ನೆಲಕ್ಕೆ ಬೀಳುತ್ತಿತ್ತಲ್ಲ ಎಂದು ಯಾರೋ ಅಂದರು. ಹೌದಲ್ಲ ಎಂದು ಎಲ್ಲರಿಗೂ ಹೊಳೆಯಿತು. ಪುರಸಭೆಯಲ್ಲಿ ಒಮ್ಮತದ ತೀರ್ಮಾನವಾಯಿತು: ಊರಿಗೆಲ್ಲ ನೋವು ತಂದ ಚೆನ್ನಾಜಮ್ಮ ಊರಿಗೆ ಸಾರಿ ಹೇಳತಕ್ಕದ್ದು.

ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. "ಹೋಗ್ಬೇಡ ಅಕ್ಕ. ಮತ್ತೆ ಎಲ್ಲಾ ನಿನ್ನ ಮೇಲೇ ಬಂದ್ರೆ?" ಎಂದೆ.

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. "ನಾನು ಬಸ್ಸಿಗೆ ಕೂತಿದ್ದೆ ಕಣೋ," ಎಂದಳು. ಆದರೆ ದಾರ ಸೂಜಿಯ ಕಣ್ಣು ತಪ್ಪಿತು.

ಅದೇ ಬೀದಿ, ಅದೇ ವೇದಿಕೆ, ಅದೇ ಮೈಕು. ಜನರೆಲ್ಲ ಭುಜ ಹಿಡಿದುಕೊಂಡು, ಆಸೆಯಿಂದ ಬಂದಿದ್ದರು. ಅಕ್ಕ ಮೈಕಿನ ಮುಂದೆ ನಿಂತು ಒಮ್ಮೆ ಉಸಿರೆಳೆದುಕೊಂಡಳು. "ಸಾರಿ," ಎಂದಳು.

ಎಲ್ಲರೂ ಕೈ ಎತ್ತಿ ನೋಡಿದರು. ಏಳಲಿಲ್ಲ.

"ಮನಸ್ಸಿಟ್ಟು ಹೇಳಮ್ಮ," ಎಂದರು ಅಧ್ಯಕ್ಷರು.

"ಸಾರಿ," ಎಂದಳು ಅಕ್ಕ. ಈ ಸಲ ಧ್ವನಿ ನಡುಗಲಿಲ್ಲ.

"ಉಚ್ಚಾರ ಸರಿಯಿಲ್ಲ. ತುಟಿ ದುಂಡಗೆ ಮಾಡಿ 'ಸೋರಿ' ಅನ್ನಬೇಕು," ಎಂದರು ಮೇಷ್ಟ್ರು, ತಮ್ಮ ಉಪನ್ಯಾಸ ತಾವೇ ಮರೆತು.

ಅಕ್ಕ ಸೋರಿ ಎಂದಳು, ಸಾರಿ ಎಂದಳು, ಅಧ್ಯಕ್ಷರ ಕಡೆ ತಿರುಗಿ ಒಂದು, ಶಾಂತವೀರನಿಗೆ ಒಂದು, ನಾಯಿ ಸಾಕಿದ ಎಂಜಿನಿಯರಿಗೆ ಒಂದು ಎಂದು ಕರೆದು ಕರೆದು ಹೇಳಿದಳು. ಯಾರ ನೋವೂ ಕದಲಲಿಲ್ಲ. ಅವಳದು ತಪ್ಪಿಲ್ಲ ಎನ್ನುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಈಗ ಎಲ್ಲರಿಗೂ ಗೊತ್ತಿದೆ ಎನ್ನುವುದೂ ಎಲ್ಲರಿಗೂ ಗೊತ್ತಾಯಿತು. ಅಕ್ಕ ಅಧ್ಯಕ್ಷರಿಗೆ, "ಅಮ್ಮಾವ್ರಿಗೆ ಹೇಳಿ, ಮಗಳ ಬ್ಲೌಸಿನ ಇನ್ನೊಂದು ತೋಳು ಆಗಿದೆ," ಎಂದು ವೇದಿಕೆಯಿಂದ ಇಳಿದಳು. ಗುಂಪು ಒತ್ತೊತ್ತಾಗಿ ನಿಂತಿತ್ತು. "ಸಾರಿ, ಸ್ವಲ್ಪ ದಾರಿ ಬಿಡಿ. ಸಾರಿ, ಸಾರಿ," ಎನ್ನುತ್ತಾ, ದೊಡ್ಡ ಪಟ್ಟಣದಲ್ಲಿ ಹುಟ್ಟಿದವಳ ಹಾಗೆ ಸಲೀಸಾಗಿ ನಡೆದು ಹೋದಳು. ಪಾಪದ ಜನ, ಭುಜ ಹಿಡಿದುಕೊಂಡು ಆ ಕಡೆ ಈ ಕಡೆ ಸರಿದರು.

ವೈರೆಲ್ಲ ಸುತ್ತಿ ಸಂಜೆ ಅವಳ ಮನೆಗೆ ಹೋದೆ. ಅಧ್ಯಕ್ಷರ ಮುಖವನ್ನೂ ಮೇಷ್ಟ್ರ ತುಟಿಯನ್ನೂ ಮಾಡಿ ತೋರಿಸಿದೆ. ಈಗ ಅಕ್ಕ ಮನಸಾರೆ ನಕ್ಕಳು, ಎರಡೂ ಭುಜ ಕುಣಿಯುವ ಹಾಗೆ ನಕ್ಕಳು. ನಗು ನಿಂತ ಮೇಲೆ ಎಡಗೈಯಿಂದ ಬಲಭುಜದ ಮೇಲೆ ಒಂದು ಕಡೆ ಒತ್ತಿ ನೋಡಿಕೊಂಡಳು.

"ಎಲ್ಲಾ ಹೋಯ್ತು. ಇದೊಂಚೂರು ಉಳ್ಕೊಂಡಿದೆ ನೋಡು. ಹೆಬ್ಬೆರಳು ಒತ್ತಿದಷ್ಟು ಜಾಗ."

ನಾನು ಬಗ್ಗಿ ನೋಡಿದೆ.

"ಯಾರೋ ಒಬ್ರು ಹೇಳಿಲ್ಲ ಕಣೋ ಅವತ್ತು." ಅಕ್ಕ ನನ್ನನ್ನು ನೋಡಲಿಲ್ಲ, ಗುಂಡಿ ಹಚ್ಚುತ್ತಿದ್ದಳು. "ಆ ಮೊಳೆ ಕಥೆ ಚೆನ್ನಾಗಿದೆಯಂತಲ್ಲ. ಕ್ಷೌರದವನ ಹೆಂಡ್ತಿ ನೆನ್ನೆ ಹೇಳಿ ನಗ್ತಿದ್ಲು. ಊರಿಗೆಲ್ಲಾ ಹೇಳಿದೀಯ. ನಂಗೊಂದು ಹೇಳಿರ್ಲಿಲ್ಲ."

ನನ್ನ ಬಲಭುಜ ಚೆನ್ನಾಗಿತ್ತು. ಮೊದಲಿನಿಂದಲೂ ಚೆನ್ನಾಗಿದೆ, ಹಾರ್ನು ಹೊತ್ತು ಏಣಿ ಹತ್ತುವ ಭುಜ. ಪದ ನಾಲಿಗೆಯ ತುದಿಯವರೆಗೂ ಬಂದಿತ್ತು, ಸುಳ್ಳಲ್ಲ. ಅಷ್ಟು ಚಿಕ್ಕ ಪದ.

"ಕ್ಷಮಿಸಕ್ಕ," ಎಂದೆ.

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ಕನ್ನಡ ಚೆನ್ನಾಗಿ ಮಾತಾಡ್ತೀಯ ಕಣೋ," ಎಂದು ಭುಜ ನೀವಿಕೊಳ್ಳುತ್ತಾ ನನಗೆ ಕಾಫಿ ತರಲು ಒಳಗೆ ಹೋದಳು.